ಸೌದೆ ಹೊರೆಯೊಳಗಿನ ಹುಳ

ಕೇಳುಗರಿಗೆಲ್ಲ ನಮಸ್ಕಾರ.

ಕೆಲವು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಮದುವೆ. ಪಾಂಡವಪುರದ ಕಡೆಯ ಹಳ್ಳಿ ನಮ್ಮದು. ಬೀಗರೂಟಕ್ಕೆ ಅಂತ ಒಂದು ಟ್ರ್ಯಾಕ್ಟರ್ ಸೌದೆ ತರಿಸಿದೆವು. ದೂರದ ತೋಟವೊಂದರಲ್ಲಿ ಕಡಿದ ಹಳೇ ಮಾವಿನ ಮರ. ಅಗ್ಗಕ್ಕೆ ಸಿಕ್ಕಿತು ಅಂತ ಎಲ್ಲರಿಗೂ ಖುಷಿ. ಊಟವೆಲ್ಲ ಮುಗಿದ ಮೇಲೂ ಕಾಲು ಭಾಗ ಉಳಿಯಿತು. ನೀರೊಲೆಗೆ ಆಗುತ್ತೆ ಅಂತ ಹಿತ್ತಲಿನ ಮಾವಿನ ಮರದ ಬುಡಕ್ಕೇ ಒಟ್ಟಿದೆವು.

ಒಂದು ರಾತ್ರಿ ಕರೆಂಟ್ ಹೋಗಿತ್ತು. ಹಿತ್ತಲ ಕಟ್ಟೆ ಮೇಲೆ ಸುಮ್ನೆ ಕೂತಿದ್ದೆ. ಎಲ್ಲಿಂದಲೋ ಕರಕರ ಸದ್ದು. ಇಲಿ ಅಂದುಕೊಂಡು ಟಾರ್ಚ್ ಬಿಟ್ಟೆ. ಇಲಿ ಇರಲಿಲ್ಲ, ಸದ್ದು ನಿಲ್ಲಲಿಲ್ಲ. ಬೆಳಿಗ್ಗೆ ನೋಡಿದರೆ ಕೊರಡುಗಳ ಕೆಳಗೆ ರವೆಯಂಥ ಹುಡಿ ಉದುರಿತ್ತು. ಒಂದು ಕೊರಡನ್ನು ಕೊಡಲಿಯಿಂದ ಸೀಳಿದೆ. ಒಳಗೆ ಬೆರಳುದ್ದದ ಬಿಳಿ ಹುಳ, ಮೈ ಮುದುಡಿಕೊಂಡು ಕೂತಿತ್ತು.

ಅದು ಮಾವಿನ ಕಾಂಡ ಕೊರಕ. ಉದ್ದ ಮೀಸೆಯ ದೊಡ್ಡ ದುಂಬಿಯ ಮರಿ. ತಾಯಿ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಮರದೊಳಕ್ಕೆ ಇಳಿದು ತಿಂಗಳುಗಟ್ಟಲೆ ಸುರಂಗ ಕೊರೆಯುತ್ತಾ ಬೆಳೆಯುತ್ತದೆ. ಮಳೆಗಾಲ ಶುರುವಾಗುವ ಹೊತ್ತಿಗೆ ದುಂಬಿಯಾಗಿ ಹೊರಬಂದು ಹತ್ತಿರದ ಮರ ಹುಡುಕುತ್ತದೆ. ಮಾವು ಮಾತ್ರ ಅಲ್ಲ, ಹಲಸು, ಅತ್ತಿ, ಹಿಪ್ಪುನೇರಳೆಯನ್ನೂ ಬಿಡುವುದಿಲ್ಲ. ನಾವು ಆ ಹುಳಕ್ಕೆ ಹುಡುಕುವ ಕೆಲಸವನ್ನೂ ಉಳಿಸಿದ್ದೆವು. ಮರದ ಬುಡಕ್ಕೇ ತಂದು ಇಳಿಸಿದ್ದೆವಲ್ಲ!

ಮರ ಕಡಿದರೆ ಸತ್ತುಹೋಯಿತು ಅಂತ ನಾವು ತಿಳಿಯುತ್ತೇವೆ. ಮರ ಸಾಯಬಹುದು, ಅದರೊಳಗೆ ಮನೆ ಮಾಡಿಕೊಂಡವರು ಸಾಯುವುದಿಲ್ಲ. ತೊಗಟೆ ಇರುವ ತನಕ ಅವರಿಗೆ ಮರೆ ಇದೆ, ಊಟ ಇದೆ. ಕಾಲಿಲ್ಲದ ಆ ಮರಿಗೆ ಲಾರಿ ಹತ್ತಿಸಿ ಕಳಿಸುವವರು ನಾವು.

ಕಾಂಡ ಕೊರಕ ನಮ್ಮ ನಾಡಿನ ಹಳೇ ಹುಳ. ಇನ್ನು ಬೇರೆ ದೇಶದ ಹುಳ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಕಥೆ ಕೇಳಬೇಕು. 2002ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ಹತ್ತಿರ ಆಶ್ ಅನ್ನುವ ಮರಗಳು ಒಣಗುತ್ತಿದ್ದವು. ನೋಡಿದರೆ ಹಸಿರು ಮಿಂಚಿನ ಒಂದು ಪುಟ್ಟ ದುಂಬಿ. ಅರ್ಧ ಇಂಚೂ ದಾಟುವುದಿಲ್ಲ. ಅದರ ತವರು ಚೀನಾ, ಕೊರಿಯಾದ ಕಡೆ. ಸರಕು ಕಟ್ಟಿದ ಮರದ ಪೆಟ್ಟಿಗೆಗಳ ಜೊತೆ ಬಂದಿರಬೇಕು ಅಂತ ತಿಳಿದವರು ಹೇಳುತ್ತಾರೆ. ಅದರ ಮರಿಗಳು ತೊಗಟೆಯ ಕೆಳಗೆ ಹಾವಿನ ಹಾಗೆ ಅಂಕುಡೊಂಕಾಗಿ ಕೊರೆಯುತ್ತವೆ. ಮರಕ್ಕೆ ಆಹಾರ ಹರಿಯುವ ದಾರಿಯೇ ಕಡಿದುಹೋಗುತ್ತದೆ. ತಾನಾಗಿ ಹಾರಿದರೆ ಈ ದುಂಬಿ ವರ್ಷಕ್ಕೆ ಕೆಲವೇ ಕಿಲೋಮೀಟರ್ ಹೋಗುವಂಥದ್ದು. ಆದರೆ ಕಾಡಿನಲ್ಲಿ ಡೇರೆ ಹಾಕಿ ರಜೆ ಕಳೆಯುವ ಜನ ಬೆಂಕಿ ಕಾಯಿಸಲು ಕಾರಿನಲ್ಲಿ ಮನೆಯ ಸೌದೆ ಒಯ್ದರು. ಹುಳ ನೂರಾರು ಮೈಲಿ ದಾಟಿತು. ಕೋಟಿಗಟ್ಟಲೆ ಮರ ಸತ್ತವು. ಸರ್ಕಾರ ಸೌದೆ ಸಾಗಣೆಗೆ ಕಟ್ಟುನಿಟ್ಟು ಮಾಡಿತು, ದಂಡ ಹಾಕಿತು. ಕೊನೆಗೆ 2021ರ ಜನವರಿಯಲ್ಲಿ ದೇಶಮಟ್ಟದ ಆ ನಿರ್ಬಂಧವನ್ನೇ ತೆಗೆದುಹಾಕಿತು. ತಡೆಯಲು ಆಗದಷ್ಟು ಹರಡಿಬಿಟ್ಟಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಮಗ್ಗುಲಿಗೇ ಬರೋಣ. ಕೊಡಗು, ಹಾಸನದ ಕಾಫಿ ಬೆಳೆಗಾರರನ್ನು ಕೇಳಿ. ಬಿಳಿ ಕಾಂಡ ಕೊರಕ ಅಂದರೆ ಅರೇಬಿಕಾ ಬೆಳೆದವರ ಮುಖ ಬಾಡುತ್ತದೆ. ಹುಳ ಬಿದ್ದ ಗಿಡವನ್ನು ಗುರುತಿಸಿ, ಕಿತ್ತು, ಸುಡಬೇಕು. ಎಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಇನ್ನೊಮ್ಮೆ ದುಂಬಿಗಳು ಹಾರುತ್ತವೆ. ಅಷ್ಟರೊಳಗೆ ಸುಡದೆ ಸೌದೆ ಅಂತ ಒಟ್ಟಿಟ್ಟರೆ ಕಿತ್ತ ಶ್ರಮವೆಲ್ಲ ದಂಡ. ಸೌದೆಗೆ ಬೇಕೇ ಬೇಕು ಅನ್ನುವವರು ಆ ಕಾಂಡಗಳನ್ನು ವಾರ, ಹತ್ತು ದಿನ ನೀರಿನಲ್ಲಿ ಮುಳುಗಿಸಿಡಬೇಕು. ಒಳಗಿನ ಮರಿ ಉಸಿರುಕಟ್ಟಿ ಸಾಯುತ್ತದೆ.

ನಮ್ಮ ಮಂಡ್ಯದ ತೆಂಗಿಗೂ ಹೀಗೇ ಒಬ್ಬ ವೈರಿ ಇದ್ದಾನೆ, ಕೆಂಪು ಮೂತಿ ಹುಳು. ಸುಳಿ ಬಾಗಿ ಮರ ಹೋಯಿತು ಅನ್ನುವಾಗ ಕಾಂಡದೊಳಗೆ ಹತ್ತಾರು ಮರಿ ಇರುತ್ತವೆ. ಅಂಥ ಮರವನ್ನು ತುಂಡು ಮಾಡಿ ಯಾರಿಗೋ ಮಾರಿಬಿಡಬೇಡಿ. ಸೀಳಿ, ಅಲ್ಲೇ ಸುಡಿ.

ಎಲ್ಲ ರೋಗಕ್ಕೂ ಸೌದೆಯೇ ಕಾರಣ ಅಂತ ನಾನು ಹೇಳುವುದಿಲ್ಲ. ಗಂಧದ ಮರದ ಸ್ಪೈಕ್ ರೋಗ 1899ರಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡಿತು. ಅದನ್ನು ಹರಡುವುದು ರಸ ಹೀರುವ ಕೀಟಗಳು. ಬೇವಿನ ಮರದ ತುದಿ ಒಣಗುವ ರೋಗದ ಕಥೆಯೂ ಬೇರೆ. ಅದು ಶಿಲೀಂಧ್ರದ ಕೆಲಸ. ಆ ಶಿಲೀಂಧ್ರವನ್ನು 1997ರಲ್ಲಿ ಗುರುತಿಸಿ ಹೆಸರಿಟ್ಟವರು ನಮ್ಮ ಮೈಸೂರಿನ ವಿಜ್ಞಾನಿಗಳೇ. ಆದರೂ ರೋಗ ಬಿದ್ದ ಬೇವಿನ ಕೊಂಬೆಗಳನ್ನು ಮಳೆಯಲ್ಲಿ ನೆನೆಯುವ ಹಾಗೆ ಇನ್ನೊಂದು ಊರಿನಲ್ಲಿ ಗುಡ್ಡೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

‘ಬಿಸಿಲಲ್ಲಿ ಚೆನ್ನಾಗಿ ಒಣಗಿಸ್ತೀವಲ್ಲ, ಸಾಕಲ್ವಾ?’ ಅಂತ ಕೇಳುತ್ತಾರೆ. ಸಾಕಾಗುವುದಿಲ್ಲ. ಬೇರೆ ದೇಶಕ್ಕೆ ಸರಕು ಹೋಗುವ ಮರದ ಹಲಗೆಗಳನ್ನು ಗಮನಿಸಿ. ಗೋಧಿ ತೆನೆಯ ಗುರುತು, ಜೊತೆಗೆ ‘ಎಚ್‌ಟಿ’ ಅನ್ನುವ ಎರಡು ಅಕ್ಷರ ಒತ್ತಿರುತ್ತಾರೆ. ಒಳಗಿನ ಹುಳ ಸಾಯಲಿ ಅಂತ ಆ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಡೆಬಿಡದೆ 30 ನಿಮಿಷ ಇಟ್ಟಿದ್ದರು ಅಂತ ಅದರ ಅರ್ಥ. ನಮ್ಮ ಬಿಸಿಲು ಎಷ್ಟೇ ಸುಟ್ಟರೂ ದಪ್ಪ ಕೊರಡಿನ ತಿರುಳಿಗೆ ಆ ಕಾವು ಮುಟ್ಟುವುದಿಲ್ಲ.

ಇದು ಗುಡಿಗಳಲ್ಲಿ ಕೆಂಡದ ಕೊಂಡ ಹಾಯುವ ಕಾಲ. ಊರೂರಿನಿಂದ ಗಾಡಿಗಟ್ಟಲೆ ಸೌದೆ ಬರುತ್ತದೆ. ಎತ್ತುಗಳಿಗೆ ಸಿಂಗಾರ, ತಮಟೆ, ಆ ಸಡಗರ ನನಗೂ ಪ್ರಾಣ. ಅಕ್ಕಪಕ್ಕದ ಊರಿನ ಸೌದೆ ಬಂದು ಅದೇ ರಾತ್ರಿ ಕೆಂಡವಾದರೆ ಹುಳವೂ ಬೂದಿ. ನನ್ನ ಕಳವಳ ಇರುವುದು ದೂರದ ಡಿಪೋದಿಂದ ತರಿಸುವ ಲೋಡಿನ ಬಗ್ಗೆ, ಉಳಿದು ಗುಡಿಯ ಹಿಂದೆ ತಿಂಗಳುಗಟ್ಟಲೆ ಬಿದ್ದಿರುವ ಕೊರಡುಗಳ ಬಗ್ಗೆ. ನಿಮ್ಮೂರಿನ ಯಜಮಾನರ ಹತ್ತಿರ ಈ ಮಾತು ಎತ್ತಿ. ಊರ ಸೌದೆ ಊರಿಗೇ ಇರಲಿ ಅನ್ನಿ.

ನಮ್ಮ ಮನೆಯ ಆ ರಾಶಿಯನ್ನು ಮರುದಿನವೇ ಬಯಲಿಗೆ ಎಳೆದು ಸುಟ್ಟೆವು. ಹಿತ್ತಲ ಮರಕ್ಕೂ ಎರಡು ಕಡೆ ತೂತು ಬಿದ್ದಿತ್ತು. ತಂತಿ ತೂರಿಸಿ ಹುಳ ತೆಗೆದೆವು. ಒಂದು ಕೊಂಬೆ ಹೋಯಿತು, ಮರ ಉಳಿಯಿತು. ಈಗ ನೀರೊಲೆಗೆ ಮನೆಯ ತೆಂಗಿನ ಮಟ್ಟೆ, ಗರಿ, ಕರಟ.

ನಿಮ್ಮ ಹಿತ್ತಲಲ್ಲೂ ಹೊರಗಿನಿಂದ ತಂದ ಸೌದೆ ಇದ್ದರೆ ಇವತ್ತು ರಾತ್ರಿ ಟಿವಿ ಆರಿಸಿ, ಕೊರಡಿಗೆ ಕಿವಿ ಹಚ್ಚಿ ನೋಡಿ. ಬೆಳಿಗ್ಗೆ ಕೆಳಗೆ ಹುಡಿ ಬಿದ್ದಿದೆಯಾ ನೋಡಿ. ಇದ್ದರೆ ಅದನ್ನೇ ಮೊದಲು ಒಲೆಗೆ ಹಾಕಿ. ಮುಂಗಾರು ಬೀಳುವುದಕ್ಕೆ ಇನ್ನೂ ಎರಡು ತಿಂಗಳಿದೆ.

ನಮಸ್ಕಾರ.