ರೋಮ್‌ನ ಬಲಿಗೆ ಈ ಹೆಂಗಸರ ಹಿಟ್ಟೇ ಯಾಕೆ ಬೇಕಿತ್ತು?

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದರು: ಹಳೇ ಕಾಲದ ರೋಮ್‌ನಲ್ಲಿ ದೇವರ ಕೆಲಸವೆಲ್ಲಾ ಗಂಡಸರದ್ದೇನಾ? ಊರಿನ ಪರವಾಗಿ ಪ್ರಾಣಿಬಲಿ ಕೊಡುತ್ತಿದ್ದವರು ಹೆಚ್ಚಾಗಿ ಗಂಡಸರೇ, ನಿಜ. ಆದರೆ ಆ ಬಲಿ ನಡೆಯಬೇಕಾದರೆ ಆರು ಜನ ಹೆಂಗಸರು ಮಾಡಿದ ಹಿಟ್ಟು ಬೇಕಿತ್ತು.

ಇವರು ಒಲೆಯ ಬೆಂಕಿಯ ದೇವತೆ ವೆಸ್ಟಾಳ ಪೂಜಾರಿಣಿಯರು, ವೆಸ್ಟಲ್‌ಗಳು. ಬೇಗ ಹೇಳಿಬಿಡುತ್ತೇನೆ. 6ರಿಂದ 10 ವರ್ಷದೊಳಗಿನ ಹುಡುಗಿಯರನ್ನು ಆರಿಸುತ್ತಿದ್ದರು. 30 ವರ್ಷ ಸೇವೆ, ಅಷ್ಟೂ ಕಾಲ ಬ್ರಹ್ಮಚರ್ಯ. ಗುಡಿಯ ಬೆಂಕಿ ಆರದ ಹಾಗೆ ನೋಡಿಕೊಳ್ಳಬೇಕು. ಬೆಂಕಿಯ ಕಥೆ ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಅಡುಗೆಮನೆ.

[ದೃಶ್ಯ: ಒರಳು, ಬೀಸುಕಲ್ಲು, ತೆನೆ ತುಂಬಿದ ಬುಟ್ಟಿ]

ಮೇ 7ರಿಂದ 14ರವರೆಗೆ, ದಿನ ಬಿಟ್ಟು ದಿನ, ಹಿರಿಯ ಮೂವರು ಬುಟ್ಟಿಗಳಿಗೆ ತೆನೆ ತುಂಬುತ್ತಿದ್ದರು. ಯಾವ ಧಾನ್ಯ ಗೊತ್ತಾ? ಉತ್ತರ ಕರ್ನಾಟಕದಲ್ಲಿ ಹುಗ್ಗಿ ಮಾಡುತ್ತಾರಲ್ಲ, ಆ ಜವೆ ಗೋಧಿಯ ಜಾತಿಯದ್ದೇ! ಅದರ ಸಿಪ್ಪೆ ಸುಲಭಕ್ಕೆ ಬಿಡೋದಿಲ್ಲ. ಹುರಿಯಬೇಕು, ಕುಟ್ಟಬೇಕು, ಆಮೇಲೆ ಬೀಸಬೇಕು. ಎಲ್ಲಾ ಅವರ ಕೈಯಲ್ಲೇ.

ಈ ಹಿಟ್ಟಿಗೆ ಬೆರೆಸುವ ಉಪ್ಪಿನದು ಇನ್ನೂ ದೊಡ್ಡ ಸೋಜಿಗ. ಒರಳಿನಲ್ಲಿ ಕುಟ್ಟಿ, ಮಣ್ಣಿನ ಗಡಿಗೆಗೆ ಹಾಕಿ, ಬಾಯಿಗೆ ಜಿಪ್ಸಮ್ ಮೆತ್ತಿ ಒಲೆಯಲ್ಲಿ ಸುಡುತ್ತಿದ್ದರು. ಅದು ಗಟ್ಟಿ ಗಡ್ಡೆಯಾಗುತ್ತಿತ್ತು. ಆಮೇಲೆ ಅದನ್ನು ಕಬ್ಬಿಣದ ಗರಗಸದಿಂದ ಕೊಯ್ಯಬೇಕು. ಬಳಸುವ ನೀರು ಕೊಳವೆಯಲ್ಲಿ ಬಂದದ್ದಾಗಿರಬಾರದು. ಕೊಳವೆ, ಕಾಲುವೆಗಳಿಗೇ ಹೆಸರಾದ ಊರಿನಲ್ಲಿ ಈ ನಿಯಮ!

ಫೆಬ್ರವರಿ, ಜೂನ್, ಸೆಪ್ಟೆಂಬರ್, ಹೀಗೆ ವರ್ಷಕ್ಕೆ 3 ಸಲ ತಯಾರಾಗುತ್ತಿದ್ದ ಈ ಉಪ್ಪುಹಿಟ್ಟಿನ ಹೆಸರು ಮೋಲಾ ಸಾಲ್ಸಾ. ಬಲಿ ಪ್ರಾಣಿಯ ತಲೆ ಮೇಲೆ ಅದನ್ನು ಅಕ್ಷತೆ ಹಾಕಿದ ಹಾಗೆ ಉದುರಿಸುತ್ತಿದ್ದರು. ಕತ್ತಿ ಗಂಡಸರ ಕೈಯಲ್ಲಿತ್ತು ನಿಜ, ಆದರೆ ಪ್ರಾಣಿಯನ್ನು ದೇವರಿಗೆ ಸಲ್ಲುವಂತೆ ಮಾಡುತ್ತಿದ್ದದ್ದು ಈ ಹೆಂಗಸರ ದುಡಿಮೆ.

ಅವರಿಗಿದ್ದ ಮರ್ಯಾದೆಯೂ ಕಡಿಮೆಯದ್ದಲ್ಲ. ಅಪ್ಪನ ಅಧಿಕಾರ ಅವರ ಮೇಲೆ ನಡೆಯುತ್ತಿರಲಿಲ್ಲ. ಸ್ವಂತ ಉಯಿಲು ಬರೆಯಬಹುದಿತ್ತು. ಮರಣದಂಡನೆಗೆ ಹೊರಟವನಿಗೆ ಅಕಸ್ಮಾತ್ ಎದುರಾದರೆ ಅವನ ಜೀವ ಉಳಿಯುತ್ತಿತ್ತು. ಆದರೆ ಉಯಿಲು ಬರೆಯದೆ ತೀರಿಕೊಂಡರೆ? ಆಸ್ತಿ ಮನೆಯವರಿಗೆ ಹೋಗುತ್ತಿರಲಿಲ್ಲ, ನೇರ ಸರ್ಕಾರದ ಖಜಾನೆಗೆ. ನನ್ನ ಪ್ರಕಾರ ಒಳಗುಟ್ಟು ಇಲ್ಲೇ ಇದೆ. ಅಪ್ಪನ ಕೈಯಿಂದ ಬಿಡಿಸಿದ ರಾಜ್ಯ, ಆ ಹುಡುಗಿಯನ್ನು ತಾನೇ ಇಟ್ಟುಕೊಂಡಿತು.

ಬ್ರಹ್ಮಚರ್ಯ ತಪ್ಪಿದ್ದಾಳೆ ಅಂತ ತೀರ್ಪಾದರೆ ಕೊಲ್ಲೀನ್ ಎಂಬ ಊರಬಾಗಿಲಿನ ಹತ್ತಿರ ನೆಲದಡಿಯ ಸಣ್ಣ ಕೋಣೆಗೆ ಜೀವಂತ ಇಳಿಸುತ್ತಿದ್ದರು. ಹಾಸಿಗೆ, ದೀಪ, ಒಂದಿಷ್ಟು ರೊಟ್ಟಿ, ನೀರು, ಹಾಲು, ಎಣ್ಣೆ. ದೇವರ ಸೇವಕಿಯನ್ನು ಉಪವಾಸ ಕೆಡವಿ ಕೊಂದ ಪಾಪ ತಮಗೆ ತಟ್ಟಬಾರದು ಅಂತ ಆ ಊಟ. ಮೇಲೆ ಮಣ್ಣು.

ಕ್ರಿ.ಪೂ. 216ರಲ್ಲಿ ಕ್ಯಾನೆಯ ಯುದ್ಧದಲ್ಲಿ ರೋಮ್‌ನ ಶತ್ರುರಾಜ್ಯ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ರೋಮ್ ಸೈನ್ಯವನ್ನು ಪುಡಿ ಮಾಡಿದ. ವೆಸ್ಟಲ್ ತಪ್ಪಿದರೆ ಊರಿಗೇ ಕೇಡು ಅಂತ ರೋಮನ್ನರ ನಂಬಿಕೆ. ಅದೇ ವರ್ಷ ಒಪಿಮಿಯಾ, ಫ್ಲೊರೋನಿಯಾ ಎಂಬ ಇಬ್ಬರು ವೆಸ್ಟಲ್‌ಗಳನ್ನು ತಪ್ಪಿತಸ್ಥರು ಅಂದರು. ಒಬ್ಬರನ್ನು ಹೂಳಿದರು, ಇನ್ನೊಬ್ಬರು ತಾವೇ ಪ್ರಾಣ ಬಿಟ್ಟರು. ಆ ಯುದ್ಧದಲ್ಲಿ ಸೈನ್ಯ ನಡೆಸಿ, ಸೋತು ವಾಪಸ್ ಬಂದ ಕಾನ್ಸುಲ್ (ರೋಮ್‌ನ ಅತಿ ದೊಡ್ಡ ಅಧಿಕಾರಿ) ವಾರೋಗೆ ಏನಾಯಿತು? ಧೈರ್ಯಗೆಡಲಿಲ್ಲ ಅಂತ ಧನ್ಯವಾದ ಹೇಳಿದರು! ಇದನ್ನು ಓದಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಟೈಮ್ ಆಯ್ತು, ಉಳಿದದ್ದು ಚುಟುಕಾಗಿ. 30 ವರ್ಷ ಮುಗಿದ ಮೇಲೆ ಮದುವೆಯಾಗಬಹುದಿತ್ತು, ಆದವರು ಕಡಿಮೆ. ಕ್ರಿ.ಶ. 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ಇವರಿಗೆ ಕೊಡುತ್ತಿದ್ದ ಸರ್ಕಾರಿ ಹಣ ನಿಲ್ಲಿಸಿದ. ಮುಂದಿನ ವಿಡಿಯೋ ಗ್ರೀಸ್‌ನ ಡೆಲ್ಫಿಯಲ್ಲಿ ದೇವರ ಮಾತು ಹೇಳುತ್ತಿದ್ದ ಪಿಥಿಯಾ ಬಗ್ಗೆ.