ಹದಿನೈದು ಚಿತ್ರ, ಒಂದು ಪ್ರಶ್ನೆ

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದ ಹೈಸ್ಕೂಲುಗಳು ಬೇಸಿಗೆ ರಜೆ ಮುಗಿಸಿ ಮತ್ತೆ ಬಾಗಿಲು ತೆರೆಯುವ ಸಮಯವಿದು. ನಿಮ್ಮ ಮಗನೋ ಮಗಳೋ ಈ ವರ್ಷ ‘ಎಪಿ ಆರ್ಟ್ ಅಂಡ್ ಡಿಸೈನ್’ ತೆಗೆದುಕೊಂಡಿದ್ದರೆ, ಅಥವಾ ತೆಗೆದುಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಮನೆಯಲ್ಲಿ ನಡೆದಿದ್ದರೆ, ಮುಂದಿನ ಕೆಲವು ನಿಮಿಷ ನನಗೆ ಕೊಡಿ. ಮೊದಲು ಇದರ ಹೆಸರು ‘ಎಪಿ ಸ್ಟುಡಿಯೊ ಆರ್ಟ್’ ಎಂದಿತ್ತು. ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ. ‘ಎಪಿ’ ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಮೊದಲ ವರ್ಷದ ಮಟ್ಟದ ಕಲೆಯನ್ನು ಅಭ್ಯಾಸ ಮಾಡುವ ತರಗತಿ ಇದು. ನಾನು ಇದನ್ನು ಕಲಿಸುವವಳು.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ. ಕೈ ಚೆನ್ನಾಗಿದೆ ಎಂದ ಮಾತ್ರಕ್ಕೆ ಈ ತರಗತಿಯಲ್ಲಿ ಸಾಗುವುದಿಲ್ಲ. ಮಗುವಿಗೆ ತನ್ನದೇ ಆದ ಒಂದು ಪ್ರಶ್ನೆ ಬೇಕು, ಆ ಪ್ರಶ್ನೆಯ ಬೆನ್ನು ಹತ್ತಿ ವರ್ಷವಿಡೀ ಕೆಲಸ ಮಾಡಬೇಕು.

ನಮ್ಮ ಕನ್ನಡದ ತಂದೆತಾಯಿಗಳಿಗೆ ಇದನ್ನು ಒಪ್ಪಿಸುವುದು ನನಗೆ ಸುಲಭವಾಗಿಲ್ಲ. ಅದಕ್ಕೆ ಕಾರಣವೂ ಗೊತ್ತು. ನಿಮ್ಮಲ್ಲಿ ಅನೇಕರು ಊರಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳನ್ನು ಕಟ್ಟಿದವರು. ಎದುರಿಗಿಟ್ಟ ಹೂಜಿಯನ್ನೋ ಬುಟ್ಟಿಯನ್ನೋ ಗೊತ್ತಾದ ಸಮಯದೊಳಗೆ ತಪ್ಪಿಲ್ಲದೆ ಬರೆದು ಮುಗಿಸಬೇಕಿತ್ತು. ಆ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಕೈಗೆ ಹಿಡಿತ ಬರುವುದು ಹಾಗೆಯೇ. ಆದರೆ ಇಲ್ಲಿ ಹಿಡಿತ ಮೊದಲ ಮೆಟ್ಟಿಲು ಮಾತ್ರ. ಹೂಜಿಯನ್ನು ಎದುರಿಗೆ ಇಟ್ಟುಕೊಡುವವರು ಇಲ್ಲಿ ಯಾರೂ ಇಲ್ಲ. ಏನನ್ನು ನೋಡಬೇಕು, ಏಕೆ ನೋಡಬೇಕು ಎಂಬುದನ್ನು ಮಗುವೇ ತೀರ್ಮಾನಿಸಬೇಕು.

ಏರ್ಪಾಡು ಹೀಗಿದೆ. ಮೇ ತಿಂಗಳಲ್ಲಿ ಗಣಿತ, ಭೌತವಿಜ್ಞಾನದ ಎಪಿ ಮಕ್ಕಳು ಪರೀಕ್ಷೆಗೆ ಕೂರುತ್ತಾರೆ. ಕಲೆಯ ಮಕ್ಕಳಿಗೆ ಪ್ರಶ್ನೆಪತ್ರಿಕೆ ಇಲ್ಲ. ಅವರು ತಮ್ಮ ಕೆಲಸದ ಪೋರ್ಟ್‌ಫೋಲಿಯೊವನ್ನು, ಅಂದರೆ ಆಯ್ದು ಜೋಡಿಸಿದ ಸಂಗ್ರಹವನ್ನು, ಎಪಿ ನಡೆಸುವ ಸಂಸ್ಥೆಯಾದ ಕಾಲೇಜ್ ಬೋರ್ಡ್‌ಗೆ ಕಳುಹಿಸುತ್ತಾರೆ. ರೇಖಾಚಿತ್ರ, ಎರಡು ಆಯಾಮದ ಕಲೆ, ಮೂರು ಆಯಾಮದ ಕಲೆ ಎಂಬ ಮೂರು ಬಗೆಗಳಲ್ಲಿ ತಮಗೆ ಹೊಂದುವುದನ್ನು ಆರಿಸಿಕೊಳ್ಳಬಹುದು. ಯಾವುದನ್ನು ಆರಿಸಿದರೂ ಭಾಗಗಳು ಎರಡೇ. ಮೊದಲನೆಯದು ಒಂದೇ ಪ್ರಶ್ನೆಯ ಸುತ್ತ ನಡೆಸಿದ ದೀರ್ಘ ಶೋಧನೆ: 15 ಚಿತ್ರಗಳು, ಶೇ 60ರಷ್ಟು ಅಂಕ. ಎರಡನೆಯದು ಮಗು ತನ್ನ ಕೆಲಸದಲ್ಲಿ ಶ್ರೇಷ್ಠವೆಂದು ಆರಿಸಿದ ಐದು ಕೃತಿಗಳು: ಶೇ 40. ಒಟ್ಟು ಫಲಿತಾಂಶ 1ರಿಂದ 5ರವರೆಗೆ.

ಈ ಲೆಕ್ಕವನ್ನು ಸ್ವಲ್ಪ ಗಮನಿಸಿ. ಚೆಂದದ ಐದು ಕೃತಿಗಳಿಗಿಂತ ಹುಡುಕಾಟಕ್ಕೇ ಹೆಚ್ಚು ತೂಕ. ಆ 15 ಚಿತ್ರಗಳಲ್ಲಿ ಎಲ್ಲವೂ ಮುಗಿದ ಕೃತಿಗಳೇ ಆಗಿರಬೇಕಿಲ್ಲ; ಕರಡು, ಪ್ರಯೋಗ, ಅರ್ಧಕ್ಕೆ ನಿಂತ ಹಾಳೆ ಎಲ್ಲಕ್ಕೂ ಜಾಗವಿದೆ. ಅಂಕ ಕೊಡುವವರು ಮೂರು ಸಂಗತಿಗಳನ್ನು ಹುಡುಕುತ್ತಾರೆ: ಅಭ್ಯಾಸ, ಪ್ರಯೋಗ, ತಿದ್ದುಪಡಿ. ಇವು ಮೂರೂ ಆ ಪ್ರಶ್ನೆಯಿಂದಲೇ ಹುಟ್ಟಿರಬೇಕು.

ಚಿತ್ರಕಾರ ಕ್ಲಾಡ್ ಮೊನೆ 1890ರ ದಶಕದ ಆರಂಭದಲ್ಲಿ ಫ್ರಾನ್ಸಿನ ರುವಾನ್ ನಗರದ ದೊಡ್ಡ ಚರ್ಚಿನ ಮುಂಭಾಗವನ್ನೇ 30ಕ್ಕೂ ಹೆಚ್ಚು ಬಾರಿ ಚಿತ್ರಿಸಿದರು. ಕಲ್ಲು ಅದೇ, ಬಾಗಿಲು ಅದೇ, ಬದಲಾಗುತ್ತಿದ್ದದ್ದು ಬೆಳಕು. ಬೆಳಕು ಬದಲಾದರೆ ಕಲ್ಲು ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಶೋಧನೆ ಎಂದರೆ ಇಷ್ಟೇ.

ಅಷ್ಟು ದೂರ ಹೋಗುವುದೂ ಬೇಡ. ನನ್ನ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ನಮ್ಮವರದೇ ಮಗಳು, ಹೆಸರು ಬೇಡ. ಮೊದಲ ವಾರ ಒಂದು ಕಟ್ಟು ಪೆನ್ಸಿಲ್ ಚಿತ್ರಗಳನ್ನು ತಂದಳು. ಎಲ್ಲವೂ ಸಿನಿಮಾ ನಟರ ಮುಖಗಳು, ಮೊಬೈಲ್ ಪರದೆಯಲ್ಲಿ ನೋಡಿ ಬರೆದವು. ಒಂದೊಂದು ರೆಪ್ಪೆಗೂದಲನ್ನೂ ಎಣಿಸಬಹುದಿತ್ತು. ಮನೆಯವರು ಅವಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರಂತೆ. ಅವನ್ನೆಲ್ಲ ಪಕ್ಕಕ್ಕಿಡಲು ಹೇಳಿದೆ. ಯಾರೋ ತೆಗೆದ ಛಾಯಾಚಿತ್ರದ ನಕಲು ಈ ಪೋರ್ಟ್‌ಫೋಲಿಯೊಗೆ ಸಲ್ಲುವುದಿಲ್ಲ. ಅದರಿಂದ ಬಹಳ ಮುಂದೆ ಸಾಗಿ ಅದನ್ನು ನಿಮ್ಮದಾಗಿಸಿಕೊಂಡಿರಬೇಕು. ಹುಡುಗಿಯ ಮುಖ ಸಣ್ಣದಾಯಿತು. ಮನೆಯಲ್ಲಿ ದಿನವೂ ಕಣ್ಣಿಗೆ ಬಿದ್ದು ನಿನ್ನನ್ನು ಕಾಡುವ ವಸ್ತು ಯಾವುದು ಎಂದು ಕೇಳಿದೆ. ತಟ್ಟನೆ ಉತ್ತರ ಬಂತು: ಅಜ್ಜಿಯ ಸೀರೆ.

ಬಾಗಲಕೋಟೆ ಕಡೆಯಿಂದ ಅಜ್ಜಿ ಆರು ತಿಂಗಳಿಗೆಂದು ಬಂದಿದ್ದರು. ಉಡುವುದು ಒಂಬತ್ತು ಗಜದ ಇಳಕಲ್ ಸೀರೆ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕಿದರೆ ನೂಲು ಹಾಳಾಗುತ್ತದೆಂದು ಅವರು ಒಪ್ಪುವುದಿಲ್ಲ. ಹಿತ್ತಿಲಲ್ಲಿ ಹಗ್ಗ ಕಟ್ಟಿದರೆ ಬಡಾವಣೆಯವರು ಒಪ್ಪುವುದಿಲ್ಲ. ಹಾಗಾಗಿ ಸೀರೆ ಮನೆಯೊಳಗಿನ ಮೆಟ್ಟಿಲ ಕಟಕಟೆಯ ಮೇಲಿಂದ ಕೆಳಗಿನ ಸೋಫಾದವರೆಗೂ ಇಳಿಬಿದ್ದಿರುತ್ತಿತ್ತು. ಶಾಲೆಗೆ ಹೊರಡುವಾಗ ಅದರಡಿ ಬಗ್ಗಿಯೇ ಹೋಗಬೇಕು ಎಂದು ಅವಳು ದೂರಿದಳು. ಅದನ್ನೇ ಬರೆ ಎಂದೆ.

ಮೊದಲ ಚಿತ್ರ ಪೆನ್ಸಿಲಿನದು. ನಿರಿಗೆ ಸರಿಯಾಗಿ ಬಂದಿತ್ತು, ನೆರಳು ಸರಿಯಾಗಿತ್ತು, ಆದರೆ ಸೀರೆ ಕಂಬಳಿಯಂತೆ ಭಾರವಾಗಿ ಕಾಣುತ್ತಿತ್ತು. ಹತ್ತಿಯ ತೆಳುವನ್ನು ಪೆನ್ಸಿಲ್ ಹಿಡಿಯುತ್ತಿಲ್ಲ ಎಂದು ಅವಳಿಗೇ ಹೊಳೆಯಿತು. ಇದ್ದಿಲಿಗೆ ಹೋದಳು, ಇನ್ನೂ ಕೆಟ್ಟಿತು. ಕಪ್ಪು ಶಾಯಿಗೆ ನೀರು ಬೆರೆಸಿ ಒದ್ದೆ ಹಾಳೆಯ ಮೇಲೆ ಹರಿಯಬಿಟ್ಟಳು. ಆಗ ಸೀರೆಯ ಮೂಲಕ ಕಿಟಕಿಯ ಬೆಳಕು ಬಂತು. ಒದ್ದೆ ಸೀರೆ ಹೇಗೆ ಜೋಲುತ್ತದೆ, ಒಣಗಿದ ಮೇಲೆ ಅದೇ ಅಂಚು ಹೇಗೆ ಸೆಟೆಯುತ್ತದೆ ಎಂದು ನೋಡತೊಡಗಿದಳು. ಅಕ್ಟೋಬರ್‌ನಲ್ಲಿ ಬಂದು ತನ್ನ ಪ್ರಶ್ನೆ ಹೇಳಿದಳು: ಒಂಬತ್ತು ಗಜದ ಬಟ್ಟೆ ನಮ್ಮ ಮನೆಯ ಆಕಾರವನ್ನು ಹೇಗೆ ಬದಲಿಸುತ್ತದೆ? ಗಮನಿಸಿ, ಪ್ರಶ್ನೆ ಮೊದಲೇ ಸಿದ್ಧವಾಗಿ ಬರಲಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಬಂತು.

ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲೇ (ಉದ್ದಕ್ಕೆ ಹಾಸಿದ ನೂಲು) ಬೇರೆ, ಸೆರಗಿನ ಹಾಸುನೂಲೇ ಬೇರೆ. ಎರಡನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ನೇಕಾರರು ಅದಕ್ಕೆ ಕೊಂಡಿ ಎನ್ನುತ್ತಾರೆ. ಅಜ್ಜಿ ಅದನ್ನು ಬೆರಳಲ್ಲಿ ಹಿಡಿದು ತೋರಿಸಿದರಂತೆ. ಹುಡುಗಿ ಪೆನ್ನಿನಲ್ಲಿ ಆ ಜೋಡಣೆಯನ್ನು ದೊಡ್ಡದಾಗಿ ಬರೆದಳು. ಪಠ್ಯಪುಸ್ತಕದ ಚಿತ್ರದಂತೆ ನಿರ್ಜೀವವಾಗಿತ್ತು. ಎರಡು ವಾರ ಮುನಿಸಿಕೊಂಡಿದ್ದವಳು, ತನ್ನ ಹಳೆಯ ಶಾಯಿಯ ಹಾಳೆಗಳ ಅಂಚನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಮನೆಯ ಮೆಟ್ಟಿಲು ಬರೆದ ಹಾಳೆಗೂ ಸೀರೆ ಬರೆದ ಹಾಳೆಗೂ ಅದೇ ಕೊಂಡಿಯ ಕ್ರಮದಲ್ಲಿ ಗಂಟು ಹಾಕಿದಳು. ಅಂಟಿಲ್ಲ, ಹೊಲಿಗೆಯಿಲ್ಲ. ಅಜ್ಜಿಯ ಸೀರೆ ಆ ಮನೆಗೆ ಸೇರಿಕೊಂಡಿತ್ತು. ಸಾಮಗ್ರಿ, ವಿಧಾನ, ವಿಚಾರ ಈ ಮೂರೂ ಒಂದಾಗಬೇಕು ಎಂದು ಕಾಲೇಜ್ ಬೋರ್ಡ್ ಹೇಳುವುದು ಇದನ್ನೇ. ಹದಿನಾರು ವರ್ಷದ ಹುಡುಗಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರಶ್ನೆ ಅವಳನ್ನು ಅಲ್ಲಿಗೆ ಕರೆದೊಯ್ದಿತು.

ಅಂಕ ಎಷ್ಟು ಬಂತೆಂದು ನೀವು ಕೇಳುತ್ತೀರಿ. ಪೂರ್ತಿ 5. ಕಂಬಳಿಯಂತಿದ್ದ ಆ ಮೊದಲ ಚಿತ್ರವೂ 15ರಲ್ಲಿ ಇತ್ತು ಎಂಬುದನ್ನು ಮಾತ್ರ ಮರೆಯಬೇಡಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೃತಕ ಬುದ್ಧಿಮತ್ತೆಯ ಬಳಕೆ ಯಾವ ಹಂತದಲ್ಲಿಯೂ ಸಲ್ಲದು, ಕಾಲೇಜ್ ಬೋರ್ಡ್‌ನ ನಿಯಮ ಸ್ಪಷ್ಟವಾಗಿದೆ. ಚಿತ್ರಗಳ ಜೊತೆ ಬರಹವೂ ಇರುತ್ತದೆ: ಪ್ರಶ್ನೆ ಏನು, ಅದರಿಂದ ಕೆಲಸ ಹೇಗೆ ಬೆಳೆಯಿತು ಎಂದು ಕೆಲವೇ ವಾಕ್ಯಗಳಲ್ಲಿ ಹೇಳಬೇಕು. ಅಲಂಕಾರದ ಇಂಗ್ಲಿಷ್ ಬೇಕಿಲ್ಲ. ಅದನ್ನು ತಂದೆತಾಯಿ ಬರೆದುಕೊಡುವುದಂತೂ ಬೇಡವೇ ಬೇಡ. ಈ ಅಂಕಕ್ಕೆ ಕಾಲೇಜಿನಲ್ಲಿ ಎಷ್ಟು ಕ್ರೆಡಿಟ್ ಸಿಗುತ್ತದೆ ಎಂದು ನನ್ನನ್ನು ಕೇಳಬೇಡಿ. ಒಂದೊಂದು ಕಾಲೇಜು ಒಂದೊಂದು ಥರ, ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ಕಲಾ ಕಾಲೇಜಿಗೆ ಹೋಗುವ ಆಸೆಯಿದ್ದರೆ ‘ನ್ಯಾಷನಲ್ ಪೋರ್ಟ್‌ಫೋಲಿಯೊ ಡೇ’ಗೆ ಕರೆದುಕೊಂಡು ಹೋಗಿ, ಅಲ್ಲಿ ಹಲವು ಕಾಲೇಜಿನವರು ಮಕ್ಕಳ ಕೆಲಸ ನೋಡಿ ಸಲಹೆ ಕೊಡುತ್ತಾರೆ. ಎಪಿ ಆರ್ಟ್ ಸುಲಭದ ವಿಷಯವೆಂದು ತಿಳಿದು ಬೇರೆ ನಾಲ್ಕು ಎಪಿಗಳ ಜೊತೆ ತುರುಕಬೇಡಿ. ಏಪ್ರಿಲ್‌ನಲ್ಲಿ ಕೂತು 15 ಚಿತ್ರ ಬರೆದು ಮುಗಿಸಬಹುದು, ಆದರೆ ಒಂದು ಪ್ರಶ್ನೆಯ ಜೊತೆ ವರ್ಷ ಕಳೆದದ್ದನ್ನು ಏಪ್ರಿಲ್‌ನಲ್ಲಿ ತಯಾರಿಸಲು ಆಗುವುದಿಲ್ಲ.

ಈ ವಾರಾಂತ್ಯ ಅಂಗಡಿಗೆ ಹೋದಾಗ ದಪ್ಪ ಹಾಳೆಯ ಒಂದು ಸ್ಕೆಚ್ ಪುಸ್ತಕ ತಂದುಕೊಡಿ, ಸದ್ಯಕ್ಕೆ ಅಷ್ಟು ಸಾಕು. ಪ್ರತಿ ಪುಟಕ್ಕೂ ದಿನಾಂಕ ಹಾಕಲು ಹೇಳಿ. ಕೆಟ್ಟ ಹಾಳೆಯನ್ನು ಹರಿದು ಎಸೆಯಲು ಬಿಡಬೇಡಿ. ಹಗಲಿನ ಬೆಳಕಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಲಿ. ಇನ್ನು ರಾತ್ರಿ ಊಟಕ್ಕೆ ಕೂತಾಗ, ಎಷ್ಟು ಚಿತ್ರ ಆಯಿತು ಎಂದು ಕೇಳುವ ಬದಲು ಈಗ ಏನನ್ನು ಹುಡುಕುತ್ತಿದ್ದೀಯಾ ಎಂದು ಕೇಳಿ. ನಮಸ್ಕಾರ.