ಸೂಫಿಯ ಗರಡಿ ಮನೆ

ನಮಸ್ಕಾರ. ಮೈಸೂರಿನವರಿಗೆ ಗರಡಿ ಮನೆ ಹೊಸದಲ್ಲ. ಹುಡುಗ ಸೇರಿದ ದಿನವೇ ಅವನನ್ನ ಅಖಾಡಕ್ಕೆ ಇಳಿಸೋದಿಲ್ಲ. ಮೊದಲು ದಂಡೆ, ಬಸ್ಕಿ. ಎಷ್ಟು ಅಂತ ಹೇಳೋದು ವಸ್ತಾದ್. ಅವರು 20 ಅಂದರೆ 20. ಹುಮ್ಮಸ್ಸಲ್ಲಿ 100 ಹೊಡೆದವನು ಮಾರನೇ ದಿನ ಮೆಟ್ಟಿಲು ಇಳಿಯೋಕೆ ಗೋಡೆ ಹಿಡೀಬೇಕಾಗುತ್ತೆ. ಅಂದಹಾಗೆ ‘ವಸ್ತಾದ್’ ಅಂದರೆ ‘ಉಸ್ತಾದ್’ ಅನ್ನೋ ಪದವೇ, ಗರಡಿ ಮಣ್ಣಲ್ಲಿ ಹೊರಳಿ ನಮ್ಮದಾಗಿದೆ.

ಸೂಫಿ ಮಾರ್ಗದ ಮಾತಿಗೆ ಗರಡಿ ಯಾಕೆ ತಂದೆ ಅಂದರೆ, ನಮ್ಮಲ್ಲಿ ಸೂಫಿ ಅಂದ ತಕ್ಷಣ ಎರಡೇ ಚಿತ್ರ. ಒಂದು, ಮೊಬೈಲಲ್ಲಿ ಓಡಾಡೋ, ಸೂಫಿ ಕವಿ ರೂಮಿಯ ಪ್ರೇಮದ ಸಾಲು. ಇನ್ನೊಂದು, ಗುರುವಾರ ಸಂಜೆ ದರ್ಗಾದ ಲೋಬಾನದ ಹೊಗೆ, ಹರಕೆ, ತಾಯಿತ. ಎರಡೂ ಸುಳ್ಳಲ್ಲ. ಆದರೆ ಎರಡೂ ಹೊರಗಿನ ಜಗುಲಿ. ಒಳಮನೆಯಲ್ಲಿ ನಡೆಯೋದು ಸಾಮು, ಅಂದರೆ ದಿನನಿತ್ಯದ, ಲೆಕ್ಕ ಇಟ್ಟು ಮಾಡೋ ಅಭ್ಯಾಸ. ಅದನ್ನ ಬಿಟ್ಟು ಸೂಫಿಯನ್ನ ‘ಎಲ್ಲರನ್ನೂ ಪ್ರೀತಿಸಿ’ ಅನ್ನೋ ಒಂದು ಸಾಲಿಗೆ ಇಳಿಸಿದ್ದು ದೊಡ್ಡ ಅನ್ಯಾಯ ಅನ್ನೋದು ನನ್ನ ವಾದ.

‘ಸೂಫ್’ ಅಂದರೆ ಅರಬ್ಬಿಯಲ್ಲಿ ಉಣ್ಣೆ. ಒರಟು ಉಣ್ಣೆ ಬಟ್ಟೆ ಉಟ್ಟವರು ಸೂಫಿಗಳು, ಬಹಳ ಜನ ವಿದ್ವಾಂಸರು ಒಪ್ಪೋ ವಿವರಣೆ ಇದು. ಮುಸ್ಲಿಮರ ಸಾಮ್ರಾಜ್ಯ ಬೆಳೆದು ರೇಷ್ಮೆ, ಬಂಗಾರ ಮನೆಗೆ ಬರೋ ಕಾಲದಲ್ಲಿ ಇರಾಕಿನ ಬಸ್ರಾದ ಹಸನ್ ಥರದವರು ಅದಕ್ಕೆ ಬೆನ್ನು ತಿರುಗಿಸಿದರು. ಹಸನ್ ತೀರಿಕೊಂಡದ್ದು 728ರಲ್ಲಿ. ಅದೇ ಊರಿನ ರಾಬಿಯಾ, ಸ್ವರ್ಗದ ಆಸೆಗಲ್ಲ, ನರಕದ ಭಯಕ್ಕಲ್ಲ, ದೇವರಿಗಾಗಿಯೇ ದೇವರನ್ನ ಪ್ರೀತಿಸೋದು ಅನ್ನೋ ಮಾತಿಗೆ ಹೆಸರಾದ ಹೆಂಗಸು.

‘ಸೂಫಿಗಳಿಗೆ ನಮಾಜು, ಉಪವಾಸ ಬೇಕಿಲ್ಲ’ ಅಂತ ಹೇಳೋರು ಇದ್ದಾರಲ್ಲ, ಅವರು ಒಂದು ಗಮನಿಸಲಿ. ರೂಮಿ ಈಗಿನ ಟರ್ಕಿಯ ಕೊನ್ಯಾ ಊರಲ್ಲಿ ಧರ್ಮಶಾಸ್ತ್ರ ಪಾಠ ಹೇಳ್ತಿದ್ದ ಮೌಲಾನಾ. ಮುಖ್ಯ ಸಿಲ್ಸಿಲಾಗಳಲ್ಲಿ, ಅಂದರೆ ಗುರು ಪರಂಪರೆಗಳಲ್ಲಿ, ಧರ್ಮದ ಕಟ್ಟಳೆಯಾದ ಶರೀಅತ್ ನೆಲ, ಅದರ ಮೇಲೆ ನಡೆಯೋ ದಾರಿ ತರೀಕತ್. ನೆಲ ಕಿತ್ತು ದಾರಿ ಹಾಕೋದು ಹೇಗೆ?

ದಾರಿ ಶುರುವಾಗೋದು ಬೈಅತ್‌ನಿಂದ. ಗುರು, ಅಂದರೆ ಮುರ್ಷಿದ್ ಕೈಮೇಲೆ ಕೈಯಿಟ್ಟು ಮಾತು ಕೊಡೋದು. ಕೊಟ್ಟ ಶಿಷ್ಯ ಮುರೀದ್. ಗುರುವಿಗೊಬ್ಬ ಗುರು, ಅವನಿಗೊಬ್ಬ ಗುರು, ಹೀಗೆ ಪ್ರವಾದಿಯವರೆಗೆ ಹೋಗೋ ಹೆಸರುಗಳ ಸರಪಳಿಯೇ ಸಿಲ್ಸಿಲಾ. ಅದನ್ನ ಬರೆದಿಟ್ಟ ಪಟ್ಟಿ ಶಜರಾ. ನಮ್ಮ ದೇಶದಲ್ಲಿ ಹೆಚ್ಚು ಕೇಳೋದು ನಾಲ್ಕು: ಚಿಶ್ತಿ, ಖಾದ್ರಿ, ಸುಹ್ರವರ್ದಿ, ನಕ್ಷ್‌ಬಂದಿ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಬಂದೇ ನವಾಜ್ ಚಿಶ್ತಿ.

ಸಾಮು ಅಂದೆನಲ್ಲ, ಅದರ ಹೆಸರು ಜಿಕ್ರ್. ನೆನೆಯೋದು ಅಂತ ಅರ್ಥ. ನಮಾಜಿನ ನಂತರ ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34, ಒಟ್ಟು 100. ಇದು ಎಲ್ಲ ಮುಸ್ಲಿಮರಿಗೂ ಗೊತ್ತಿರೋ ಲೆಕ್ಕ. ಮುರೀದನಿಗೆ ಇದರ ಮೇಲೆ ಮುರ್ಷಿದ್ ಕೊಡೋ ಪಾಠ ಬೇರೆ.

ಚಿಶ್ತಿಗಳ ಒಂದು ರೂಢಿ ಹೇಳ್ತೀನಿ. ವುಜೂ ಮಾಡಿ, ಅಂದರೆ ಕೈಕಾಲು ಮುಖ ತೊಳೆದು, ಕಿಬ್ಲಾ, ಅಂದರೆ ಮೆಕ್ಕಾದ ಕಾಬಾ ಇರೋ ದಿಕ್ಕಿನ ಕಡೆಗೆ ಚಕ್ಕಳಮಕ್ಕಳ ಹಾಕಿ ಕೂರೋದು. ನಮ್ಮ ಮೈಸೂರಿಂದ ಕಿಬ್ಲಾ ನೇರ ಪಶ್ಚಿಮ ಅಲ್ಲ, ಒಂಚೂರು ಉತ್ತರಕ್ಕೆ ವಾಲುತ್ತೆ. ‘ಲಾ’ ಅನ್ನೋದನ್ನ ಹೊಕ್ಕುಳಿಂದ ಮೇಲಕ್ಕೆ ಎಳೆದು, ‘ಇಲಾಹ’ ಅಂತ ಬಲ ಭುಜದ ಕಡೆ ತಲೆ ತಿರುಗಿಸಿ, ‘ಇಲ್ಲಲ್ಲಾಹ್’ ಅಂತ ಎಡಗಡೆ ಎದೆಯ ಮೇಲೆ ಇಳಿಸೋದು. ಆ ಇಳಿಸೋ ಏಟಿಗೆ ‘ಜರ್ಬ್’ ಅಂತಾರೆ. ಒಟ್ಟು ಅರ್ಥ, ಅಲ್ಲಾಹನ ಹೊರತು ದೇವರಿಲ್ಲ. ಮೊದಲ ಅರ್ಧ ‘ಇಲ್ಲ’ ಅನ್ನೋದು, ಎರಡನೇ ಅರ್ಧ ‘ಉಂಟು’ ಅನ್ನೋದು. ನಕ್ಷ್‌ಬಂದಿಗಳದ್ದು ಬಹುತೇಕ ಸದ್ದಿಲ್ಲದ್ದು. ನಾಲಿಗೆ ಅಂಗುಳಕ್ಕೆ ಅಂಟಿಸಿ, ಎಡ ಮೊಲೆಯ ಎರಡು ಬೆರಳು ಕೆಳಗೆ ಗಮನ ಇಟ್ಟು, ಒಳಗೊಳಗೇ.

ಎಡವಟ್ಟಾಗೋದು ಇಲ್ಲೇ. ವಿಡಿಯೋ ನೋಡಿ ಶುರು ಮಾಡಿದವನು ವೇಗ ಏರಿಸ್ತಾ ಹೋಗ್ತಾನೆ. ಉಸಿರು ಜೋರಾಗಿ, ಬೇಗಬೇಗ ಆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತೆ. ತಲೆ ಸುತ್ತುತ್ತೆ, ಬೆರಳು, ತುಟಿ ಜುಮ್ಮೆನ್ನುತ್ತೆ. ಅದನ್ನೇ ‘ಹಾಲ್ ಬಂತು’, ಅಂದರೆ ದೇವರ ಪರವಶತೆ ಬಂತು, ಅಂದ್ಕೋತಾನೆ. ಹಾಲ್ ಅಲ್ಲ ಸ್ವಾಮಿ, ಉಸಿರಿನ ಲೆಕ್ಕ ತಪ್ಪಿದೆ. ನಿಲ್ಲಿಸಿ ಸಾವಕಾಶ ಉಸಿರಾಡಿದರೆ ಸರಿ ಹೋಗುತ್ತೆ. ಎರಡನೇದು, ಜಪಮಣಿ ಎಣಿಸೋದೇ ಗುರಿ ಆಗಿಬಿಡೋದು. ‘ಇವತ್ತು 5000 ಮುಗಿಸಿದೆ’ ಅಂತ ನಾಲ್ಕು ಜನಕ್ಕೆ ಹೇಳಿದರೆ ಅದಕ್ಕೆ ‘ರಿಯಾ’ ಅನ್ನೋ ಹೆಸರಿದೆ, ತೋರಿಕೆಯ ರೋಗ.

ಇಷ್ಟೆಲ್ಲ ಪಳಗಿಸೋದು ನಫ್ಸ್ ಅನ್ನೋದನ್ನ, ನಮ್ಮೊಳಗೆ ‘ನಾನು, ನನಗೆ’ ಅಂತ ಕೂಗೋದನ್ನ. ಕುರಾನಿನ ಮೂರು ಪದಗಳಿಂದ ಅದಕ್ಕೆ ಮೂರು ಹಂತ ಹೇಳ್ತಾರೆ: ಅಮ್ಮಾರಾ, ಕೆಟ್ಟದ್ದಕ್ಕೆ ದಬಾಯಿಸೋದು, ಲವ್ವಾಮಾ, ಮಾಡಿದ ಮೇಲೆ ತನ್ನನ್ನೇ ಬೈದುಕೊಳ್ಳೋದು, ಮುತ್ಮಇನ್ನಾ, ಸಮಾಧಾನಕ್ಕೆ ಬಂದದ್ದು. ನಮ್ಮಲ್ಲಿ ಹೆಚ್ಚಿನವರ ಬದುಕು ಮೊದಲೆರಡರ ನಡುವೆ ಸಿಟಿ ಬಸ್ಸಿನ ಥರ ಹೋಗಿಬರೋದರಲ್ಲೇ ಮುಗಿಯುತ್ತೆ. ಚಿಲ್ಲಾ ಅಂತ 40 ದಿನದ ಏಕಾಂತ ಇರೋದೂ ಇದಕ್ಕೇ. ಊಟ, ಮಾತು, ನಿದ್ದೆ, ಜನಸಂಗ, ನಾಲ್ಕನ್ನೂ ಕಡಿಮೆ ಮಾಡೋದು. ಗಮನಿಸಿ, ಕಡಿಮೆ ಮಾಡೋದು. ಒಂದೇ ಸಲ ಬಿಡೋದಲ್ಲ.

ಇನ್ನು ಶ್ರೀರಂಗಪಟ್ಟಣಕ್ಕೆ ಬನ್ನಿ. ಗುಂಬಜ್‌ನಲ್ಲಿ ಹೂವಿನ ಚಾದರ ನೋಡಿ ಅದನ್ನ ಸೂಫಿ ದರ್ಗಾ ಅಂದುಕೊಳ್ಳೋರು ಇದ್ದಾರೆ. ಅದು ಟಿಪ್ಪು ತನ್ನ ತಂದೆ ಹೈದರನಿಗೆ ಕಟ್ಟಿಸಿದ ಗೋರಿ. ಸೂಫಿ ನಂಟು ಕಟ್ಟಡದಲ್ಲಲ್ಲ, ಹೆಸರಲ್ಲಿದೆ. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಹೆಸರನ್ನೇ ಮಗುವಿಗೆ ಇಟ್ಟದ್ದು. ‘ಮಸ್ತಾನ್’ ಅಂದರೆ ದೇವರ ಅಮಲು ಏರಿದವನು. ಸೂಫಿಗಳಲ್ಲಿ ಇದೊಂದು ಹಳೇ ಜಗಳ: ಅಮಲು ಮೇಲೋ, ಎಚ್ಚರ ಮೇಲೋ? ‘ಅನಲ್ ಹಖ್’, ನಾನೇ ಸತ್ಯ, ಅಂದ ಸೂಫಿ ಹಲ್ಲಾಜ್‌ನನ್ನ ಬಾಗ್ದಾದಿನಲ್ಲಿ 922ರಲ್ಲಿ ಕೊಂದರು. ಅದೇ ಊರಿನ ಜುನೈದ್ ಎಚ್ಚರದ ಪರ, ಅನುಭವ ಇದ್ದರೂ ಬಾಯಿ ಬಿಗಿ ಇರಲಿ ಅನ್ನೋ ಪಂಗಡ. ಮುಂದಿನ ಸಿಲ್ಸಿಲಾಗಳು ಬಹುಮಟ್ಟಿಗೆ ಜುನೈದ್ ದಾರಿ ಹಿಡಿದವು. ನಮಗೆ ಹಾಡಿಗೆ ಸಿಗೋದು ಮಾತ್ರ ಹಲ್ಲಾಜ್.

ದರ್ಗಾದ ವಾರ್ಷಿಕ ಜಾತ್ರೆಗೆ ಹೇಳೋ ಉರುಸ್ ಅಂದರೆ ಮದುವೆ. ಸಂತ ಸತ್ತ ದಿನ ಪ್ರಿಯನನ್ನ ಸೇರಿದ ದಿನ ಅನ್ನೋ ಭಾವ. ನಮ್ಮೂರಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಅರಸು ಮನೆತನದ ಹೆಸರೂ ಇದೂ ಒಂದೇ ಥರ ಕಾಣುತ್ತೆ, ಸಂಬಂಧ ಏನೂ ಇಲ್ಲ. ಬಹಳ ಕಡೆ ಮೊದಲು ಗಂಧ, ಆಮೇಲೆ ಉರುಸ್, ಆಮೇಲೆ ಜಿಯಾರತ್, ಅಂದರೆ ಗೋರಿಯ ದರ್ಶನ. ತೇಯ್ದ ಗಂಧವನ್ನ ಪಾತ್ರೆಯಲ್ಲಿ ತಲೆಮೇಲೆ ಹೊತ್ತು ಮೆರವಣಿಗೆಯಲ್ಲಿ ತಂದು ಮಜಾರಿಗೆ, ಅಂದರೆ ಸಂತನ ಗೋರಿಗೆ, ಲೇಪಿಸ್ತಾರೆ.

ಉರುಸಿನ ತಾರೀಖು ಹಳೇ ಕ್ಯಾಲೆಂಡರಿನಿಂದ ಲೆಕ್ಕ ಹಾಕಿದರೆ ತಪ್ಪುತ್ತೆ. ಚಾಂದ್ರ ವರ್ಷ 354 ದಿನದ್ದು, ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತೆ. ದಿನ ಶುರುವಾಗೋದೂ ಸೂರ್ಯ ಮುಳುಗಿದ ಮೇಲೆ. ಹಾಗಾಗಿ ಗುರುವಾರ ಸಂಜೆ ಅಂದರೆ ಆಗಲೇ ಶುಕ್ರವಾರದ ರಾತ್ರಿ. ಉರ್ದುವಿನಲ್ಲಿ ಗುರುವಾರಕ್ಕೆ ‘ಜುಮೇರಾತ್’, ಅಂದರೆ ಜುಮಾದ (ಶುಕ್ರವಾರದ) ರಾತ್ರಿ, ಅನ್ನೋ ಪದ, ಆ ಸಂಜೆಯ ನೂಕುನುಗ್ಗಲು, ಎರಡಕ್ಕೂ ಕಾರಣ ಅದೇ.

ದರ್ಗಾಕ್ಕೆ ಹೋಗೋದಾದರೆ ಆ ನೂಕುನುಗ್ಗಲಿಗಿಂತ ಮುಂಚೆ, ಇಳಿಹೊತ್ತಿನ ಅಸರ್ ನಮಾಜ್ ಮುಗಿದ ಹೊತ್ತಿಗೆ ಹೋಗಿ. ತಲೆಗೆ ಕರವಸ್ತ್ರ ಇರಲಿ, ಮಜಾರಿಗೆ ಬೆನ್ನು ಹಾಕಿ ಹೊರಡಬೇಡಿ. ದರ್ಗಾ ನೋಡಿಕೊಳ್ಳೋ ಮುಜಾವರ್ ಬಿಡುವಾಗಿದ್ದರೆ ಎರಡೇ ಪ್ರಶ್ನೆ ಕೇಳಿ: ಯಾವ ಸಿಲ್ಸಿಲಾ? ಇಲ್ಲಿ ಜಿಕ್ರ್ ಯಾವಾಗ? ಎಷ್ಟೋ ಕಡೆ ಶಜರಾ ಗೋಡೆ ಮೇಲೇ ಚೌಕಟ್ಟು ಹಾಕಿ ತೂಗುಹಾಕಿರ್ತಾರೆ. ಕೆಳಗಿನ ಹೆಸರಿಂದ ಮೇಲಕ್ಕೆ ಓದ್ತಾ ಹೋಗಿ.